ಕ್ಲಾಸಿನಲ್ಲಿ ಕೇಳಿದ ಪ್ರಶ್ನೆಗೆ, ದಾರಿಯಲ್ಲಿ ಕೇಳಿದ ಕ್ಷೇಮಕ್ಕೆ ಚೆನ್ನಾಗಿ ಉತ್ತರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಶಾಲೆಗಳಲ್ಲಿ ಭಾಷೆ ಕಲಿಸುವವರ ಹತ್ತಿರ ಮಕ್ಕಳು, ಹೆತ್ತವರು, ಕೆಲವೊಮ್ಮೆ ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಉತ್ತರ ಬರೆದವಳು ಕನ್ನಡ ಶಿಕ್ಷಕಿ. ಎಲ್ಲವನ್ನೂ ಕ್ರಮವಾಗಿ ಓದಬೇಕೆಂದಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

ಪಾಠದ ಪ್ರಶ್ನೆಯನ್ನೂ ನಮಸ್ಕಾರವನ್ನೂ ಒಟ್ಟಿಗೆ ಯಾಕೆ ಇಟ್ಟದ್ದು?

ಎರಡರಲ್ಲೂ ಒಬ್ಬರು ಕೇಳಿ ಇನ್ನೊಬ್ಬರ ಮಾತಿಗೆ ಕಾಯುತ್ತಾರೆ. ನಮ್ಮ ಮಕ್ಕಳು ಎಡವುವುದೂ ಎರಡರಲ್ಲಿ ಒಂದೇ ಕಡೆ. ಕೇಳಿದವರು ಏನು ಕೇಳಿದರು, ಯಾಕೆ ಕೇಳಿದರು ಎಂದು ಗಮನಿಸುವ ಮೊದಲೇ ಬಾಯಿಪಾಠದ ಉತ್ತರ ಹೊರಡುತ್ತದೆ. ಇಲ್ಲದಿದ್ದರೆ ಬಾಯಿಯೇ ತೆರೆಯುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ "ಹುಷಾರಿದ್ದೀಯಾ ಮಗಾ?" ಎಂದು ಕೇಳಿದ ಅಜ್ಜಿಯ ಮುಂದೆ ತಲೆ ತಗ್ಗಿಸಿ ನಿಲ್ಲುವ ಹುಡುಗಿ ಕ್ಲಾಸಿನಲ್ಲೂ ಹಾಗೆಯೇ ನಿಲ್ಲುತ್ತಾಳೆ. ಒಂದು ಕಡೆ ಮಾತು ಸಲೀಸಾದರೆ ಇನ್ನೊಂದು ಕಡೆಯೂ ಆಗುವುದನ್ನು ನಾನು ಎಷ್ಟೋ ಮಕ್ಕಳಲ್ಲಿ ನೋಡಿದ್ದೇನೆ. ಹಾಗಾಗಿ ಎರಡನ್ನೂ ಒಟ್ಟಿಗೇ ಕಲಿಸುತ್ತೇನೆ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಓದಿದ್ದು ಅರ್ಥ ಆಗ್ತದೆ, ಆದರೆ ಉತ್ತರ ಬಾಯಿಗೆ ಬರುವುದಿಲ್ಲ. ಎಂತ ಮಾಡುವುದು?

ಮೊದಲು ತುಳುವಿನಲ್ಲೇ ಹೇಳು. ಕೊಂಕಣಿಯೋ ಬ್ಯಾರಿಯೋ ಮನೆಮಾತಾದರೆ ಅದರಲ್ಲಿ ಹೇಳು. ಪಕ್ಕದಲ್ಲಿ ಕುಳಿತವನಿಗೆ ಮೆಲ್ಲಗೆ ಹೇಳಿದರೂ ಸಾಕು. ಉತ್ತರ ತಲೆಯಲ್ಲಿ ಉಂಟೋ ಇಲ್ಲವೋ ಎಂಬುದು ಆಗಲೇ ಗೊತ್ತಾಗುತ್ತದೆ. ಉಂಟು ಎಂದಾದರೆ ಅದನ್ನು ಕನ್ನಡಕ್ಕೆ ತರುವ ಕೆಲಸವೊಂದೇ ಬಾಕಿ, ಅದು ದಿನಾ ಮಾಡಿದರೆ ಬಂದೇ ಬರುತ್ತದೆ.

ಕರಾವಳಿಯಲ್ಲಿ ಐದಾರು ಭಾಷೆಗಳ ನಡುವೆ ಬೆಳೆಯುವ ಮಕ್ಕಳಿಗೆ ಇದು ದಿನದ ಅಭ್ಯಾಸ. ಅಂಗಡಿಯಲ್ಲಿ ತುಳು, ಮಸೀದಿಯ ಹತ್ತಿರ ಬ್ಯಾರಿ, ಇಗರ್ಜಿಯ ಅಂಗಳದಲ್ಲಿ ಕೊಂಕಣಿ ಕೇಳುತ್ತಾ ಬೆಳೆದ ಕಿವಿಗೆ ಒಂದರಿಂದ ಇನ್ನೊಂದಕ್ಕೆ ದಾಟುವುದು ಹೊಸತಲ್ಲ. ಇಲ್ಲಿನ ಕೆಲವು ಶಾಲೆಗಳಲ್ಲಿ ತುಳುವನ್ನೂ ಕೊಂಕಣಿಯನ್ನೂ ಮೂರನೇ ಭಾಷೆಯಾಗಿ ಕಲಿಯಲು ಅವಕಾಶ ಉಂಟು. "ಶಾಲೆಯಲ್ಲಿ ತುಳು ಮಾತಾಡಬೇಡ" ಎಂದು ಗದರಿಸುವ ಶಿಕ್ಷಕರು ಮಗುವಿನ ಉತ್ತರ ಹೊರಬರುವ ದಾರಿಯನ್ನೇ ಮುಚ್ಚುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ.

ಬರೆಯುವಾಗ ಮಾತ್ರ ಸ್ವಲ್ಪ ಜಾಗ್ರತೆ ಬೇಕು. ನಾವು ಮಾತಿನಲ್ಲಿ "ಎಂತ", "ಹೋಗ್ಲಿಕ್ಕುಂಟು" ಎನ್ನುತ್ತೇವೆ. ಉತ್ತರಪತ್ರಿಕೆಯಲ್ಲಿ "ಏನು", "ಹೋಗಬೇಕಾಗಿದೆ" ಎಂದು ಬರೆದುಬಿಡಿ. ಬಾಯಲ್ಲಿ ಹೇಳುವ ಉತ್ತರಕ್ಕೆ ಈ ಕಟ್ಟುಪಾಡು ಬೇಡ.

ಟೀಚರ್ ನನ್ನ ಹೆಸರು ಕರೆದ ಕೂಡಲೇ ತಲೆ ಖಾಲಿ ಆಗ್ತದೆ.

ಪ್ರಶ್ನೆಯನ್ನು ನಿನ್ನ ಬಾಯಲ್ಲಿ ಒಮ್ಮೆ ಹೇಳಿಕೋ. "ಅವರು ಊರು ಬಿಟ್ಟದ್ದು ಯಾಕೆ ಅಂತಲಾ ಟೀಚರ್?" ಎಂದು ತಿರುಗಿ ಕೇಳಿದರೆ ಯಾರೂ ಬೈಯುವುದಿಲ್ಲ. ಅಷ್ಟರಲ್ಲಿ ಉಸಿರು ಸಿಗುತ್ತದೆ, ಕಣ್ಣು ಪುಸ್ತಕದ ಸರಿಯಾದ ಪ್ಯಾರಾಕ್ಕೆ ಹೋಗುತ್ತದೆ. ಪ್ರಶ್ನೆ ಕೇಳಿಸದೇ ಇದ್ದರೆ "ಇನ್ನೊಮ್ಮೆ ಹೇಳಿ ಟೀಚರ್" ಎನ್ನುವುದರಲ್ಲಿ ತಪ್ಪೇನೂ ಇಲ್ಲ.

ಶಿಕ್ಷಕರಿಗೂ ಇಲ್ಲಿ ಒಂದು ಮಾತು ಹೇಳಬೇಕು. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ ತರಗತಿಗಳ ಮಾತುಕತೆಯನ್ನು ರೆಕಾರ್ಡ್ ಮಾಡಿ ಕೇಳಿಸಿಕೊಂಡರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಹೆಚ್ಚೆಂದರೆ ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುವವರು ಕಡಿಮೆಯಾದರು, ಕರೆಯದೆಯೇ ಉತ್ತರ ಕೊಡುವವರು ಹೆಚ್ಚಿದರು. 1970ರ ದಶಕದಲ್ಲಿ ಬಂದ ಈ ಮಾತು ಇವತ್ತಿಗೂ ನಮ್ಮ ತರಗತಿಗಳಿಗೆ ಪೂರ್ತಿ ತಲುಪಿಲ್ಲ. ಎರಡು ಭಾಷೆಗಳ ನಡುವೆ ದಾಟಿ ಉತ್ತರ ತರಬೇಕಾದ ನಮ್ಮ ಮಕ್ಕಳಿಗೆ 3 ಸೆಕೆಂಡೂ ಕಡಿಮೆಯೇ. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಆ ಹೊತ್ತಿನಲ್ಲಿ "ಬೇಗ, ಬೇಗ" ಎನ್ನಬೇಡಿ.

ಪಾಠದಲ್ಲಿರುವ ಸಾಲನ್ನೇ ಎತ್ತಿ ಹೇಳಿದರೆ ಸಾಲದಾ?

ಕೆಲವು ಪ್ರಶ್ನೆಗೆ ಸಾಕು, ಕೆಲವಕ್ಕೆ ಸಾಲುವುದಿಲ್ಲ. ಯಾವುದಕ್ಕೆ ಸಾಕು ಎಂದು ಗುರುತಿಸುವುದೇ ಓದಿನ ಮುಖ್ಯ ಭಾಗ. ಒಂದು ಉದಾಹರಣೆ ನೋಡೋಣ. ನಮ್ಮೂರಿನದೇ ಸಂಗತಿಯಾದ್ದರಿಂದ ಈ ಪ್ಯಾರಾವನ್ನು ನಾನು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತೇನೆ:

"ಹರೇಕಳ ಹಾಜಬ್ಬರು ಮಂಗಳೂರು ಪೇಟೆಯಲ್ಲಿ ಬುಟ್ಟಿಯಲ್ಲಿಟ್ಟು ಕಿತ್ತಳೆ ಮಾರುತ್ತಿದ್ದರು. ಒಮ್ಮೆ ವಿದೇಶದಿಂದ ಬಂದವರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು. ಶಾಲೆಯ ಮೆಟ್ಟಿಲು ಹತ್ತದ ಹಾಜಬ್ಬರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಬಂದವರು ಹೊರಟುಹೋದರು. ತನ್ನೂರಿನ ಮಕ್ಕಳಿಗೆ ಹೀಗಾಗಬಾರದು ಎಂದು ಅವರು ನಿಶ್ಚಯಿಸಿದರು. ದುಡಿದು ಉಳಿಸಿದ ಹಣಕ್ಕೆ ದಾನಿಗಳ ನೆರವನ್ನೂ ಕೂಡಿಸಿ ನ್ಯೂಪಡ್ಪುವಿನಲ್ಲಿ ಶಾಲೆ ಬರುವಂತೆ ಮಾಡಿದರು. ಶಾಲೆ 2000ದಲ್ಲಿ ಶುರುವಾಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು."

ಈಗ ಪ್ರಶ್ನೆಗಳು. "ಹಾಜಬ್ಬರು ಏನು ಮಾರುತ್ತಿದ್ದರು?" ಇದಕ್ಕೆ ಮೊದಲ ಸಾಲು ಸಾಕು. ಬೆರಳಿಟ್ಟು ತೋರಿಸಬಹುದಾದ ಉತ್ತರ ಇದು. "ಶಾಲೆ ಶುರುವಾಗಿ ಎಷ್ಟು ವರ್ಷದ ಮೇಲೆ ಪದ್ಮಶ್ರೀ ಘೋಷಣೆಯಾಯಿತು?" ಎಂದರೆ ಎರಡು ಸಾಲುಗಳನ್ನು ಕೂಡಿಸಿ ಲೆಕ್ಕ ಹಾಕಬೇಕು. 20 ವರ್ಷ ಎಂಬ ಉತ್ತರ ಪ್ಯಾರಾದಲ್ಲಿ ಎಲ್ಲೂ ಬರೆದಿಲ್ಲ.

ಮೂರನೆಯದು: "ಮಕ್ಕಳಿಗೆ ಹೀಗಾಗಬಾರದು ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಏನು?" ಇಲ್ಲಿ ಹೆಚ್ಚಿನ ಮಕ್ಕಳು "ವ್ಯಾಪಾರ ತಪ್ಪಬಾರದು" ಎನ್ನುತ್ತಾರೆ. ಆಗ ನಾನು ಇನ್ನೊಂದು ಪ್ರಶ್ನೆ ಹಾಕುತ್ತೇನೆ: ವ್ಯಾಪಾರ ತಪ್ಪಿದ್ದೇ ಬೇಸರವಾಗಿದ್ದರೆ ಅವರು ಹಣ್ಣಿನ ಬೆಲೆ ಹೇಳುವಷ್ಟು ಇಂಗ್ಲಿಷ್ ಕಲಿಯುತ್ತಿದ್ದರು, ಶಾಲೆ ಯಾಕೆ ಕಟ್ಟಿಸಿದರು? ಕ್ಲಾಸು ಒಮ್ಮೆಲೇ ಸುಮ್ಮನಾಗುತ್ತದೆ. ಆಮೇಲೆ ಯಾರಾದರೂ ಒಬ್ಬರು "ಕೇಳಿದ್ದಕ್ಕೆ ಉತ್ತರ ಕೊಡ್ಲಿಕ್ಕೆ ಆಗದೆ ನಿಲ್ಲುವ ಹಾಗೆ ಆಗಬಾರದು" ಎಂಬ ಅರ್ಥದ ಮಾತು ಹೇಳುತ್ತಾರೆ. ಅದು ಸರಿಯಾದ ಉತ್ತರ. ಅದಕ್ಕೆ ಆಧಾರ ಯಾವ ಸಾಲು ಎಂದು ಕೇಳಿದರೆ "ಪ್ರಶ್ನೆ ಅರ್ಥವಾಗಲಿಲ್ಲ" ಎಂಬ ಸಾಲನ್ನು ತೋರಿಸಲೂ ಬರಬೇಕು. ಆಧಾರದ ಸಾಲು ತೋರಿಸಲಾಗದ ಊಹೆ ಉತ್ತರ ಆಗುವುದಿಲ್ಲ.

ನಾಲ್ಕನೆಯ ಬಗೆ "ನಿಮ್ಮ ಅಭಿಪ್ರಾಯವೇನು?" ಎಂಬುದು. ಇದರಲ್ಲಿ ಸರಿ, ತಪ್ಪು ಎಂದಿಲ್ಲ. ಆದರೆ "ತುಂಬಾ ಒಳ್ಳೆಯದು" ಎಂದು ನಿಲ್ಲಿಸಿದರೆ ಏನೂ ಹೇಳಿದ ಹಾಗಾಗುವುದಿಲ್ಲ. ಯಾಕೆ ಎಂಬುದನ್ನು ಒಂದು ವಾಕ್ಯದಲ್ಲಾದರೂ ಕೂಡಿಸಬೇಕು.

"ಒಂದು ವಾಕ್ಯದಲ್ಲಿ ಉತ್ತರಿಸಿ" ಅಂದರೆ ಒಂದು ಪದ ಬರೆದರೆ ನಡೀತದಾ?

ವಾಕ್ಯ ಎಂದರೆ ವಾಕ್ಯವೇ. ಪ್ರಶ್ನೆಯಲ್ಲಿರುವ ಪದಗಳನ್ನೇ ಬಳಸಿ, ಪ್ರಶ್ನಾರ್ಥಕದ ಜಾಗದಲ್ಲಿ ಉತ್ತರ ಕೂರಿಸಿ: "ಹಾಜಬ್ಬರು ಕಿತ್ತಳೆ ಮಾರುತ್ತಿದ್ದರು." ಬಾಯಲ್ಲಿ ಹೇಳುವಾಗ "ಕಿತ್ತಳೆ" ಎಂದರೂ ನಾನು ಒಪ್ಪುತ್ತೇನೆ. ಬರಹದಲ್ಲಿ ಒಪ್ಪುವುದಿಲ್ಲ.

ಸಂದರ್ಭ, ಸ್ವಾರಸ್ಯ ಬರೆಯುವಾಗ ಎಲ್ಲರದ್ದೂ ಒಂದೇ ಥರ ಇರ್ತದೆ. ಬೇರೆ ಹೇಗೆ ಬರೆಯುವುದು?

ಆಯ್ಕೆ ಎಲ್ಲರದ್ದೂ ಒಂದೇ ಇರಲಿ. ಯಾರು ಬರೆದದ್ದು, ಯಾವ ಪಾಠ ಎಂಬುದರಲ್ಲಿ ಸ್ವಂತಿಕೆಗೆ ಜಾಗ ಇಲ್ಲ. ಸಂದರ್ಭದಲ್ಲಿ ಮೂರು ಸಂಗತಿ ಬಂದರೆ ಸಾಕು: ಯಾರು, ಯಾರಿಗೆ, ಏನಾದಾಗ ಹೇಳಿದರು. ಸೋಲುವುದು ಸ್ವಾರಸ್ಯದಲ್ಲಿ. "ಈ ಮಾತು ಸ್ವಾರಸ್ಯಕರವಾಗಿ ಮೂಡಿಬಂದಿದೆ" ಎಂಬ ಸಾಲು ಸಾವಿರಾರು ಉತ್ತರಪತ್ರಿಕೆಗಳಲ್ಲಿ ಇರುತ್ತದೆ, ಆ ಸಾಲಿನಿಂದ ಏನೂ ತಿಳಿಯುವುದಿಲ್ಲ. ಅದನ್ನು ಬಿಟ್ಟುಬಿಡಿ. ಆ ಮಾತು ಇಲ್ಲದೇ ಹೋಗಿದ್ದರೆ ಪಾಠದಲ್ಲಿ ಏನು ಕಡಿಮೆಯಾಗುತ್ತಿತ್ತು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹೊಳೆದದ್ದನ್ನು ಎರಡು ವಾಕ್ಯದಲ್ಲಿ ಬರೆಯಿರಿ.

ಗೈಡಿನ ಉತ್ತರ ಬಾಯಿಪಾಠ ಮಾಡಿದರೆ?

ಪಾಠದ ಕೊನೆಯಲ್ಲಿರುವ ಪ್ರಶ್ನೆಯೇ ಬಂದರೆ ಪಾರಾಗಬಹುದು. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದರೆ ಕೈ ನಿಲ್ಲುತ್ತದೆ. ಮೊದಲೇ ಓದಿರದ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳಿದಾಗಲಂತೂ ಗೈಡು ಯಾವ ಸಹಾಯಕ್ಕೂ ಬರುವುದಿಲ್ಲ.

ನೆನಪಿನಿಂದ ಹೇಳುವುದಕ್ಕೂ ಕೇಳಿದ್ದಕ್ಕೆ ಹೇಳುವುದಕ್ಕೂ ಎಷ್ಟು ವ್ಯತ್ಯಾಸ ಎಂದು ನೋಡಬೇಕಾದರೆ ಮಕ್ಕಳನ್ನು ಒಂದು ತಾಳಮದ್ದಲೆಗೆ, ಅಂದರೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದ ಕೂಟಕ್ಕೆ, ಕರೆದುಕೊಂಡು ಹೋಗಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಅದನ್ನು ತನ್ನ ಮಾತಿನಲ್ಲಿ ಬಿಡಿಸುತ್ತಾರೆ. ಎದುರು ಕುಳಿತವರು ಆ ಮಾತಿನಿಂದಲೇ ಒಂದು ಎಳೆ ಹಿಡಿದು ಪ್ರಶ್ನೆ ಹಾಕುತ್ತಾರೆ. ಅದಕ್ಕೆ ಅಲ್ಲಿಯೇ, ಆಗಲೇ ಉತ್ತರ ಬರಬೇಕು. ಪದ್ಯ ಎಲ್ಲರಿಗೂ ಗೊತ್ತಿರುವುದೇ, ಪ್ರಶ್ನೆ ಏನು ಬರುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕೇಳಿದವರು ಇವತ್ತಿಗೂ ಎತ್ತಿ ಹೇಳುವುದು ಅವರು ಎದುರಾಳಿಗೆ ಕೊಟ್ಟ ಉತ್ತರಗಳನ್ನೇ. ಎದುರಿನವರ ಮಾತನ್ನು ಕಿವಿಗೊಟ್ಟು ಕೇಳದವರು ಆ ಕೂಟದಲ್ಲಿ ನಿಲ್ಲಲಾರರು. ನಮ್ಮ ಜಿಲ್ಲೆಗಳಲ್ಲಿ ಮಳೆಗಾಲದಲ್ಲೂ ಕೂಟಗಳು ನಡೆಯುತ್ತವೆ, ಖರ್ಚೂ ಇಲ್ಲ.

ಗಟ್ಟಿಯಾಗಿ ಓದುವಾಗ ಓದಿದ್ದು ತಲೆಗೆ ಹೋಗುವುದೇ ಇಲ್ಲ.

ಎಲ್ಲರ ಎದುರು ಗಟ್ಟಿಯಾಗಿ ಓದುವಾಗ ಗಮನವೆಲ್ಲ ಉಚ್ಚಾರಣೆಯ ಮೇಲೆ ಇರುತ್ತದೆ. ಎಲ್ಲಿ ಮಹಾಪ್ರಾಣ, ಎಲ್ಲಿ ಒತ್ತಕ್ಷರ, ಶ, ಷ, ಸ ಸರಿಯಾಯಿತಾ ಎಂಬ ಚಿಂತೆಯಲ್ಲಿ ಅರ್ಥ ಜಾರಿಹೋಗುತ್ತದೆ. ಅದಕ್ಕೇ ಮೊದಲು ಮನಸ್ಸಿನಲ್ಲೇ ಒಮ್ಮೆ ಓದಲು ಸಮಯ ಕೊಡಿ, ಆಮೇಲೆ ಗಟ್ಟಿಯಾಗಿ ಓದಿಸಿ, ಆಮೇಲೆ ಪ್ರಶ್ನೆ ಕೇಳಿ. ಓದಿ ಮುಗಿಸಿದ ಮಗುವನ್ನೇ ಆ ಕ್ಷಣದಲ್ಲೇ ಪ್ರಶ್ನೆ ಕೇಳಬೇಡಿ, ಪಕ್ಕದವನನ್ನು ಕೇಳಿ.

ಉತ್ತರ ಗೊತ್ತಿಲ್ಲದಿದ್ದರೆ ಸುಮ್ಮನಿರುವುದಾ?

ಬೇಡ. ಎಷ್ಟು ಗೊತ್ತುಂಟೋ ಅಷ್ಟು ಹೇಳು. "ಅವರು ಶಾಲೆ ಕಟ್ಟಿಸಿದ್ದು ಗೊತ್ತುಂಟು ಟೀಚರ್, ಯಾಕೆ ಅಂತ ಸರಿ ಗೊತ್ತಾಗಲಿಲ್ಲ." ಇಂಥ ಉತ್ತರ ಸಿಕ್ಕಿದರೆ ಎಲ್ಲಿಂದ ಕಲಿಸಬೇಕು ಎಂದು ನನಗೆ ತಿಳಿಯುತ್ತದೆ. ಮೌನದಿಂದ ಏನೂ ತಿಳಿಯುವುದಿಲ್ಲ.

ತಪ್ಪು ಹೇಳಿದಾಗ ಕ್ಲಾಸೇ ನಗಾಡಿದರೆ?

ಇದು ಮಗುವಿನ ಸಮಸ್ಯೆ ಅಲ್ಲವೇ ಅಲ್ಲ, ಶಿಕ್ಷಕರದ್ದು. ನಗುವನ್ನು ಅಲ್ಲಿಯೇ ನಿಲ್ಲಿಸಿ, ತಪ್ಪು ಉತ್ತರದಲ್ಲಿ ಸರಿ ಇರುವ ಭಾಗವನ್ನು ಎತ್ತಿ ತೋರಿಸಿ ಮುಂದೆ ಹೋಗಬೇಕು. ಮೇಲಿನ ಪ್ಯಾರಾದಲ್ಲಿ "ವ್ಯಾಪಾರ ತಪ್ಪಬಾರದು" ಎಂದ ಮಗು ಪಾಠ ಓದಿದೆ, ಗಿರಾಕಿ ಹೊರಟುಹೋದದ್ದನ್ನು ಗಮನಿಸಿದೆ. ಅಷ್ಟನ್ನು ಬಾಯಿಬಿಟ್ಟು ಹೇಳಿ. ಒಮ್ಮೆ ನಗೆಗೆ ಸಿಕ್ಕಿದ ಮಗು ಆ ವರ್ಷವಿಡೀ ಕೈ ಎತ್ತದೇ ಇರಬಹುದು.

ಬಾಗಲಕೋಟೆ, ಗದಗ ಕಡೆಯಿಂದ ಬಂದ ಮಕ್ಕಳು "ಯಾಕ್ರೀ ಟೀಚರ್" ಅನ್ನುತ್ತಾರೆ. ತಿದ್ದಬೇಕಾ?

ತಿದ್ದುವುದಕ್ಕೆ ಅಲ್ಲಿ ತಪ್ಪೇ ಇಲ್ಲ. ಕಟ್ಟಡದ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದು ಮಂಗಳೂರಿನಲ್ಲಿ, ಮಣಿಪಾಲದಲ್ಲಿ ನೆಲೆಸಿದವರ ಮಕ್ಕಳು ನಮ್ಮ ಸರಕಾರಿ ಶಾಲೆಗಳಲ್ಲಿ ಈಗ ತುಂಬಾ ಇದ್ದಾರೆ. ಅವರ ಮಾತಿನ "ರೀ" ಮರ್ಯಾದೆಯದ್ದು, ನಮ್ಮ "ಮಾರಾಯ್ರೆ" ಸಲುಗೆಯದ್ದು. ಇಲ್ಲಿನ ಮಕ್ಕಳು ಆ "ರೀ"ಗೆ ನಗುತ್ತಾರೆ, ಅಲ್ಲಿನ ಮಕ್ಕಳಿಗೆ ನಮ್ಮ "ಎಂತ" ಕೇಳಿ ನಗು ಬರುತ್ತದೆ. ಒಂದು ದಿನ ಎರಡೂ ಕಡೆಯವರನ್ನು ಎದ್ದು ನಿಲ್ಲಿಸಿ, "ಮನೆಗೆ ಬಂದವರನ್ನು ನಿಮ್ಮಲ್ಲಿ ಹೇಗೆ ಮಾತಾಡಿಸುತ್ತೀರಿ?" ಎಂದು ಕೇಳಿ ನೋಡಿ. "ಬರ್ರೀ, ಕುಂದರ್ರೀ" ಎಂಬುದನ್ನು ಇಲ್ಲಿನವರು ಕಲಿಯುತ್ತಾರೆ, "ಬನ್ನಿ, ಕೂತ್ಕೊಳ್ಳಿ" ಎಂಬುದನ್ನು ಅವರು ಕಲಿಯುತ್ತಾರೆ. ಯಾವುದೇ ಪಾಠದ ಪ್ರಶ್ನೆಗೆ ಬಾಯಿ ಬಿಡದ ಮಗು ಈ ಪ್ರಶ್ನೆಗೆ ಉತ್ತರ ಕೊಡುತ್ತದೆ, ಯಾಕೆಂದರೆ ಇದರ ಉತ್ತರ ಆ ಮಗುವಿಗೆ ಮಾತ್ರ ಗೊತ್ತಿರುವುದು.

ಈಗ ನಮಸ್ಕಾರಕ್ಕೆ ಬರೋಣ. "ಊಟ ಆಯ್ತಾ?" ಅಂತ ಕೇಳಿದರೆ ಏನು ಹೇಳಬೇಕು?

ಆಗಿದ್ದರೆ "ಆಯ್ತು, ನಿಮ್ಮದು?" ಎನ್ನಿ. ಆಗದಿದ್ದರೆ "ಇನ್ನು ಆಗ್ಬೇಕಷ್ಟೆ, ನಿಮ್ಮದಾಯ್ತಾ?" ಎನ್ನಿ. ಮುಖ್ಯವಾದದ್ದು ಎರಡನೇ ಭಾಗ. ಕೇಳಿದವರು ನಿಮ್ಮ ಹೊಟ್ಟೆಯ ಲೆಕ್ಕ ಕೇಳಲಿಲ್ಲ, ನಿಮ್ಮನ್ನು ಕಂಡದ್ದಕ್ಕೆ ಒಂದು ಮಾತು ಆಡಿದರು. ನೀವೂ ಒಂದು ಮಾತನ್ನು ತಿರುಗಿ ಕೊಡಬೇಕು. "ಹೂಂ" ಎಂದು ಮುಂದೆ ನಡೆದರೆ ಅವರಿಗೆ ಬೇಸರವಾಗುತ್ತದೆ.

ಬೆಳಿಗ್ಗೆಯಾದರೆ "ಚಾ ಆಯ್ತಾ?", "ತಿಂಡಿ ಆಯ್ತಾ?" ಎಂದು ಕೇಳುತ್ತಾರೆ. ತುಳುವಿನಲ್ಲಿ "ವಣಸ್ ಆಂಡಾ?" ಎಂದು ಕೇಳಿದರೆ "ಆಂಡ್, ಈರೆನ?" ಎಂದು ಹಿರಿಯರಿಗೂ, "ನಿನ್ನ?" ಎಂದು ಸರೀಕರಿಗೂ ಹೇಳಬಹುದು. ಕೊಂಕಣಿ, ಬ್ಯಾರಿ ಮನೆಗಳಲ್ಲೂ ಇದೇ ಪ್ರಶ್ನೆ ಅವರವರ ಭಾಷೆಯಲ್ಲಿ ಬರುತ್ತದೆ. ಭಾಷೆ ಬಾರದಿದ್ದರೆ ಕನ್ನಡದಲ್ಲೇ ಉತ್ತರಿಸಿ, ಯಾರೂ ತಪ್ಪು ತಿಳಿಯುವುದಿಲ್ಲ.

"ಎಂಚ ಉಲ್ಲರ್?", "ಹೇಗಿದ್ದೀರಿ?" ಅಂದಾಗ ನಿಜ ಹೇಳಬೇಕಾ?

ದಾರಿಯಲ್ಲಾದರೆ "ಸೌಖ್ಯ, ನೀವು ಹೇಗಿದ್ದೀರಿ?" ಸಾಕು. ಬಸ್ಸಿಗೆ ಓಡುತ್ತಿರುವವರನ್ನು ನಿಲ್ಲಿಸಿ ಸೊಂಟನೋವಿನ ಕಥೆ ಹೇಳುವುದು ಸರಿಯಲ್ಲ. ಆದರೆ ಕೇಳಿದವರು ನಿಂತು, ಮುಖ ನೋಡಿ, ಎರಡನೇ ಸಲ "ಹೌದಾ, ಸೌಖ್ಯವಾ?" ಎಂದು ಕೇಳಿದರೆ ಆಗ ಅವರು ನಿಜವಾಗಿ ಕೇಳುತ್ತಿದ್ದಾರೆ ಎಂದರ್ಥ. ಆಗ ಹೇಳಿ. ಪಾಠದಲ್ಲಿ ಬೆರಳಿಟ್ಟು ತೋರಿಸುವ ಪ್ರಶ್ನೆ, ಯೋಚಿಸಬೇಕಾದ ಪ್ರಶ್ನೆ ಎಂದು ಬೇರೆ ಬೇರೆ ಇದ್ದ ಹಾಗೆಯೇ ಇದು. ಕ್ಲಾಸಿನಲ್ಲಿ ಟೀಚರ್ ನಿಮ್ಮ ಹತ್ತಿರ ಬಂದು ಬಗ್ಗಿ "ಹುಷಾರಿದ್ದೀಯಾ?" ಎಂದರೆ ಅದೂ ಎರಡನೇ ಬಗೆಯದ್ದು. ಜ್ವರ ಇದ್ದರೆ, ಮನೆಯಲ್ಲಿ ಏನಾದರೂ ಆಗಿದ್ದರೆ, ಆಗ ಹೇಳಿಬಿಡಿ ಮಕ್ಕಳೇ.

"ಎಲ್ಲಿಗೆ ಹೊರಟದ್ದು?", "ಯಾವಾಗ ಬಂದದ್ದು?" ಅಂತೆಲ್ಲ ಕೇಳಿದರೆ ಕಿರಿಕಿರಿ ಆಗ್ತದೆ. ಎಲ್ಲ ವಿವರ ಕೊಡಬೇಕಾ?

ಬೇಡ. "ಇಲ್ಲೇ ಪೇಟೆಗೆ" ಎಂದರೆ ಹಂಪನಕಟ್ಟೆಗೋ ಆಸ್ಪತ್ರೆಗೋ ಎಂದು ಯಾರೂ ಮುಂದೆ ಕೇಳುವುದಿಲ್ಲ. ಹೊರಟವರನ್ನು ನೇರವಾಗಿ "ಎಲ್ಲಿಗೆ?" ಎಂದು ಕೇಳಬಾರದು ಎಂಬ ನಂಬಿಕೆ ಇರುವ ಹಿರಿಯರು "ಎಲ್ಲಿಗೋ ಹೊರಟ ಹಾಗೆ ಉಂಟಲ್ಲ" ಎಂದು ಬಳಸಿ ಮಾತಾಡುತ್ತಾರೆ. ಅದಕ್ಕೂ ಇದೇ ಉತ್ತರ ನಡೆಯುತ್ತದೆ.

ಮುಂಬಯಿಯಿಂದ, ಗಲ್ಫಿನಿಂದ ಬಂದವರಿಗೆ "ಯಾವಾಗ ಬಂದದ್ದು? ಎಷ್ಟು ದಿನ ಉಂಟು?" ಎಂಬೆರಡು ಪ್ರಶ್ನೆ ತಪ್ಪಿದ್ದಲ್ಲ. ರಜೆಯಲ್ಲಿ ಬಂದ ಮಕ್ಕಳಿಗೆ ಇದು ವಿಚಾರಣೆಯಂತೆ ಕಾಣಿಸುತ್ತದೆ. ಕೇಳುವವರಿಗೆ ಬೇಕಾದದ್ದು ಇಷ್ಟೇ: ಮನೆಗೆ ಒಮ್ಮೆ ಕರೆಯಲು ಸಮಯ ಉಂಟೋ ಇಲ್ಲವೋ. "ಮೊನ್ನೆ ಬಂದದ್ದು ಮಾಮಿ, ಇನ್ನೊಂದು ವಾರ ಇದ್ದೇನೆ" ಎಂದರೆ ಮುಗಿಯಿತು. ಮುಂದಿನ ಮಾತು "ಹಾಗಾದರೆ ಒಮ್ಮೆ ಬನ್ನಿ" ಎಂದೇ ಇರುತ್ತದೆ.

ಗುರುತಿಲ್ಲದವರನ್ನು ಏನಂತ ಕರೆಯುವುದು?

ಮೀನು ಮಾರುವವರಿಗೆ, ಅಂಗಡಿಯ ಹೆಂಗಸಿಗೆ "ಅಕ್ಕ". ಬಸ್ಸಿನ ಕಂಡಕ್ಟರ್, ರಿಕ್ಷಾದವರು "ಅಣ್ಣ". ತಲೆ ನೆರೆತವರು "ಅಜ್ಜ", "ಅಜ್ಜಿ", "ಅಮ್ಮ". ಶಾಲೆಯಲ್ಲಿ "ಟೀಚರ್", "ಸರ್", ಹಳ್ಳಿ ಕಡೆ ಇನ್ನೂ "ಮಾಷ್ಟ್ರೇ". ಗುರುತಿನವರಾದರೆ "ಶೆಟ್ರೇ", "ಭಟ್ರೇ", "ಪೈ ಮಾಮ್" ಎಂದು ಕರೆಯುವ ರೂಢಿ ಉಂಟು. ಆದರೆ ಗುರುತಿಲ್ಲದವರ ಜಾತಿಯನ್ನು ಊಹಿಸಿ ಹಾಗೆ ಕರೆಯುವುದು ಬೇಡ, ಮಕ್ಕಳಿಗೆ ಅದನ್ನು ಕಲಿಸುವುದೂ ಬೇಡ. ಅಕ್ಕ, ಅಣ್ಣ ಎಂದರೆ ಎಲ್ಲರಿಗೂ ಸಲ್ಲುತ್ತದೆ. ಹೊರರಾಜ್ಯದಿಂದ ಮಣಿಪಾಲಕ್ಕೆ, ಸುರತ್ಕಲ್ಲಿಗೆ, ದೇರಳಕಟ್ಟೆಗೆ ಓದಲು ಬಂದವರು ಕನ್ನಡದ ಎರಡು ಪದ ಕಲಿಯುವುದಾದರೆ ಇವೆರಡನ್ನೇ ಕಲಿಯಲಿ. ಹಿರಿಯರಿಗೆ "ನೀನು" ಎನ್ನದಿದ್ದರೆ ಉಳಿದ ವ್ಯಾಕರಣದ ತಪ್ಪನ್ನು ಊರು ಕ್ಷಮಿಸುತ್ತದೆ.

ಬೇರೆ ಧರ್ಮದವರ ನಮಸ್ಕಾರಕ್ಕೆ ಹೇಗೆ ಉತ್ತರಿಸುವುದು?

"ಅಸ್ಸಲಾಮು ಅಲೈಕುಂ" ಎಂದವರಿಗೆ "ವ ಅಲೈಕುಂ ಅಸ್ಸಲಾಂ" ಎಂಬುದು ಉತ್ತರ. ಹೇಳಲು ಬಂದರೆ ಹೇಳಿ, ಬಾರದಿದ್ದರೆ "ನಮಸ್ಕಾರ" ಎನ್ನಿ. ಕ್ರೈಸ್ತ ಗೆಳೆಯರ ಮನೆಯಲ್ಲಿ "ದೇವ್ ಬರೆಂ ಕರುಂ" ಎಂದರೆ ನಿಮಗೆ ಕೃತಜ್ಞತೆ ಹೇಳುತ್ತಿದ್ದಾರೆ. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಆ ಮನೆಯ ಮಕ್ಕಳು ಹಿರಿಯರ ಹತ್ತಿರ ಹೋಗಿ "ಬೆಸಾಂವ್" ಕೇಳುವ ಪದ್ಧತಿ ಉಂಟು, ಹಿರಿಯರು ಹರಸುತ್ತಾರೆ. ಆ ಹೊತ್ತಿಗೆ ನೀವು ಅಲ್ಲಿದ್ದರೆ ಕೈಮುಗಿದು ನಿಂತರಾಯಿತು, ನಿಮ್ಮನ್ನೂ ಹರಸಿಯೇ ಕಳಿಸುತ್ತಾರೆ.

ಯಾರದ್ದಾದರೂ ಮನೆಗೆ ಹೋದಾಗ "ಆಸರಿಗೆ ಏನು ಬೇಕು?" ಅಂತ ಕೇಳ್ತಾರೆ.

ಬಾಯಾರಿಕೆಗೆ ಏನು ಕೊಡಲಿ ಎಂದು ಕೇಳುತ್ತಿದ್ದಾರೆ. ಹಳೆಯ ಮನೆಗಳಲ್ಲಿ ಕೇಳುವ ಮೊದಲೇ ನೀರು, ಬೆಲ್ಲ ಬಂದಿರುತ್ತದೆ. "ಏನೂ ಬೇಡ" ಎಂದರೆ ಅವರಿಗೆ ಸಮಾಧಾನವಾಗುವುದಿಲ್ಲ. "ನೀರು ಸಾಕು ಅಕ್ಕ" ಎನ್ನಿ, ಕೊಟ್ಟದ್ದನ್ನು ಒಂದು ಗುಟುಕಾದರೂ ಕುಡಿಯಿರಿ.

ಹೊರಡುವಾಗ?

"ಹೋಗ್ತೇನೆ" ಎನ್ನುವುದಿಲ್ಲ, "ಬರ್ತೇನೆ ಆಯ್ತಾ" ಎನ್ನುತ್ತೇವೆ. ಮನೆಯವರು "ಆಯ್ತು, ಹೋಗಿ ಬನ್ನಿ" ಎನ್ನುತ್ತಾರೆ. ಸಾವಿನ ಮನೆಯಿಂದ ಹೊರಡುವಾಗ ಮಾತ್ರ "ಬರ್ತೇನೆ" ಎನ್ನಬಾರದು. ಅಲ್ಲಿ ಕ್ಷೇಮ ಕೇಳುವ ಮಾತೂ ಬೇಡ, ಹತ್ತಿರ ಸ್ವಲ್ಪ ಹೊತ್ತು ಕುಳಿತು ಸುಮ್ಮನೆ ಎದ್ದು ಬರುವುದು ರೂಢಿ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಡಿ. ಯಾರೂ ಹೇಳಿಕೊಡದೆ ಮಕ್ಕಳು ಅಲ್ಲಿ "ಬರ್ತೇವೆ" ಎಂದು ಹೇಳಿ, ಆಮೇಲೆ ಬೈಸಿಕೊಳ್ಳುವುದು ನ್ಯಾಯವಲ್ಲ.

ಮನೆಗೆ ಬಂದವರ ಎದುರು ಮಗು ಮಾತೇ ಆಡುವುದಿಲ್ಲ. "ಮಾಮನಿಗೆ ನಮಸ್ತೆ ಹೇಳು" ಅಂತ ಎಷ್ಟು ಹೇಳಿದರೂ ಇಲ್ಲ.

ಎಲ್ಲರ ಎದುರು ಒತ್ತಾಯಿಸಿದಷ್ಟು ಮಗು ಅಮ್ಮನ ಸೀರೆಯ ಹಿಂದೆ ಹೋಗುತ್ತದೆ. ನೀವು ಮೊದಲು ನಮಸ್ತೆ ಹೇಳಿ, ಮಗು ನೋಡಲಿ. ಬಂದವರಿಗೆ ನೀರು ತಂದುಕೊಡುವ ಕೆಲಸವನ್ನು ಮಗುವಿಗೇ ಕೊಡಿ. ಲೋಟ ಕೈಗೆ ಕೊಡುವಾಗ ಅವರು "ಯಾವ ಕ್ಲಾಸು?" ಎಂದು ಕೇಳಿಯೇ ಕೇಳುತ್ತಾರೆ, "ಮೂರನೇ ಕ್ಲಾಸು" ಎಂಬ ಉತ್ತರ ತಾನಾಗಿ ಬರುತ್ತದೆ. ಅಲ್ಲಿ ನಿಮ್ಮ ಕೆಲಸ ಒಂದೇ, ಮಗುವಿನ ಬದಲು ನೀವು ಉತ್ತರ ಹೇಳದೇ ಇರುವುದು. "ನಾಚಿಕೆ ಅವನಿಗೆ" ಎಂದು ಅವನ ಎದುರೇ ಹೇಳುವುದನ್ನೂ ನಿಲ್ಲಿಸಿ. ದಿನಾ ಕೇಳಿಸಿಕೊಂಡರೆ ಮಗು ಅದನ್ನೇ ನಂಬುತ್ತದೆ.

ಮನೆಯಲ್ಲಿ ಓದಿನ ಪ್ರಶ್ನೆಗೆ ಅಭ್ಯಾಸ ಮಾಡಿಸುವುದು ಹೇಗೆ? ನಮಗೆ ಕನ್ನಡ ಅಷ್ಟಾಗಿ ಬರುವುದಿಲ್ಲ.

ನಿಮಗೆ ಓದಲು ಬರಬೇಕೆಂದೇ ಇಲ್ಲ. ಪೇಪರಿನ ಒಂದು ಸಣ್ಣ ಸುದ್ದಿಯನ್ನು ಮಗು ಓದಲಿ, ನೀವು ಅಡುಗೆ ಮಾಡುತ್ತಾ ಕೇಳಿ. "ಎಲ್ಲಿ ಆದದ್ದಂತೆ? ಯಾಕಂತೆ? ಪಾಪ, ಆಮೇಲೆ?" ನಿಮಗೆ ನಿಜವಾಗಿ ಗೊತ್ತಿಲ್ಲದ್ದನ್ನು ನೀವು ಕೇಳುತ್ತಿದ್ದೀರಿ ಎಂಬುದು ಮಗುವಿಗೆ ತಿಳಿಯುತ್ತದೆ, ಹಾಗಾಗಿ ಉತ್ತರ ಪೂರ್ತಿಯಾಗಿ ಬರುತ್ತದೆ. ಶಾಲೆಯಲ್ಲಿ ನಾವು ಕೇಳುವ ಪ್ರಶ್ನೆಗೆ ಉತ್ತರ ನಮಗೆ ಮೊದಲೇ ಗೊತ್ತಿರುತ್ತದೆ, ಅದು ಮಕ್ಕಳಿಗೂ ಗೊತ್ತು. ನಿಮ್ಮ ಪ್ರಶ್ನೆ ನಮ್ಮದಕ್ಕಿಂತ ಒಳ್ಳೆಯದು. ಸುದ್ದಿ ಕನ್ನಡದಲ್ಲಿದ್ದು ಪ್ರಶ್ನೆ, ಉತ್ತರ ತುಳುವಿನಲ್ಲಿ ನಡೆದರೂ ಆಗಬಹುದು.

ಇಂಗ್ಲಿಷಿನಲ್ಲಿ "ಹೌ ಆರ್ ಯೂ?" ಅಂದರೆ "ಐ ಆಮ್ ಫೈನ್, ಥ್ಯಾಂಕ್ ಯೂ" ಒಂದೇ ಉತ್ತರವಾ?

ಅದು ತಪ್ಪಲ್ಲ. ಕೊನೆಗೆ "ಆಂಡ್ ಯೂ?" ಎಂದು ಕೂಡಿಸಿ, ನಮ್ಮ "ನಿಮ್ಮದು?" ಎಂಬುದರ ಹಾಗೆಯೇ. ಸಂಜೆ ಯಾರನ್ನಾದರೂ ಕಂಡಾಗ "ಗುಡ್ ಈವ್ನಿಂಗ್" ಎನ್ನಬೇಕು, "ಗುಡ್ ನೈಟ್" ಬೀಳ್ಕೊಡುವಾಗಿನ ಮಾತು. ಇಡೀ ಕ್ಲಾಸು ಎದ್ದು ರಾಗ ಎಳೆದು "ಗುಡ್ ಮಾರ್ನಿಂಗ್ ಟೀಚರ್" ಎನ್ನುವುದನ್ನು ನಾನು ವಿರೋಧಿಸುವುದಿಲ್ಲ, ಆದರೆ ಅದಾದ ಮೇಲೆ ದಿನಕ್ಕೆ ನಾಲ್ಕೈದು ಮಕ್ಕಳನ್ನಾದರೂ ಹೆಸರು ಹಿಡಿದು ಮಾತಾಡಿಸಿ. ಒಟ್ಟಿಗೆ ಕೂಗುವಾಗ ಬಾಯಿ ಆಡಿಸಿದ ಮಗು ಮ್ಯಾಮ್, ಸರ್ ಎದುರು ಒಬ್ಬಂಟಿಯಾಗಿ ಉತ್ತರಿಸಲು ಕಲಿಯುವುದು ಆಗಲೇ.

ವಾಟ್ಸ್ಯಾಪಿನಲ್ಲಿ ಬರುವ ಗುಡ್ ಮಾರ್ನಿಂಗಿಗೆಲ್ಲ ಉತ್ತರ ಕೊಡಬೇಕಾ?

ಗುಂಪಿಗೆ ಹಾಕಿದ ಚಿತ್ರಕ್ಕೆ ಬೇಡ. ನಿಮ್ಮ ಹೆಸರು ಬರೆದು ಕಳಿಸಿದ್ದರೆ, ಅದರಲ್ಲೂ ವಯಸ್ಸಾದವರು ಕಳಿಸಿದ್ದರೆ, ಎರಡು ಪದ ಬರೆಯಿರಿ. ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಬರೆದಿರುತ್ತಾರೆ.